ತರಬೇತಿ ಇಲ್ಲದ ಇಬ್ಬರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನಗೂ ಮಕ್ಕಳಿಗೂ ಪುಟ್ಟಿಯ ನೆನಪುಗಳು. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಹೋದೆ, ಕೈ ಏಳಲಿಲ್ಲ. ಭಾವ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಮೊದಲು ಅಷ್ಟು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಧೈರ್ಯ ಸಾಲುವುದಿಲ್ಲ. ಈ ವಾರವೆಲ್ಲ ‘ಭಾವ ಡ್ಯೂಟಿಯಲ್ಲಿದ್ದಾರೆ’ ಎಂದು ಫೋನ್ ಇಟ್ಟುಬಿಡುತ್ತಿದ್ದುದು ಅದಕ್ಕೇ.

ಅಕ್ಕ, ಅವರು ನಿನಗೆ ಹೇಳಿದ ಹಾಗೆ ಅವರದು ಗೇಟು ಕಾಯುವ ಕೆಲಸವಲ್ಲ. ಊರಿನ ಕಾರ್ಖಾನೆಗಳೆಲ್ಲ ಹೊರಹಾಕುವ ವಿಷದ ಕಸ, ಹಳೆಯ ಆ್ಯಸಿಡ್ಡು, ಬಣ್ಣದ ಗಸಿ, ಎಲ್ಲ ಡ್ರಮ್ಮುಗಳಲ್ಲಿ ತುಂಬಿಕೊಂಡು ನಮ್ಮ ಕಂಪನಿಯ ಅಂಗಳಕ್ಕೆ ಬರುತ್ತದೆ. ಆ ಡ್ರಮ್ಮುಗಳನ್ನು ಇಳಿಸುವುದು ಅವರ ಕೆಲಸ. ಇಂಥವರಿಗೆ ತರಬೇತಿ ಕೊಡಲೆಂದೇ ಸರ್ಕಾರ ಕಂಪನಿಗೆ ಅನುದಾನ ಕೊಟ್ಟಿದ್ದು, ಆ ಅನುದಾನದಲ್ಲೇ ನನಗೆ ಕೆಲಸ ಸಿಕ್ಕಿದ್ದು. ಮೊದಲ ದಿನ ಪಾಠ ಹೇಳಲು ಹೋದರೆ ಹಿಂದಿನ ಬೆಂಚಿನಲ್ಲಿ ಭಾವ! ಹೊರಗೆ ಬಂದ ಮೇಲೆ, “ನಿಮ್ಮಕ್ಕಂಗೆ ಹೇಳ್ಬೇಡ ಪುಟ್ಟಿ, ಅವಳು ನಿದ್ದೆ ಬಿಟ್ಬಿಡ್ತಾಳೆ” ಎಂದರು. ಎಲ್ಲರೆದುರು ನನ್ನನ್ನು ‘ಮೇಡಂ’ ಎಂದೇ ಕರೆಯುತ್ತಿದ್ದರು. ರಬ್ಬರಿನ ಸೂಟು ತೊಟ್ಟು ನಿಂತಾಗ ಮಾತ್ರ ಮೆಲ್ಲಗೆ, “ಅವಳು ನೋಡಿದ್ರೆ ಕುಂಬಳಕಾಯಿಗೆ ಕೈಕಾಲು ಬಂತು ಅಂತಾಳೆ” ಎಂದು ನಗಿಸಿದ್ದರು.

ಪಾಠವನ್ನು ಅವರಷ್ಟು ಮನಸ್ಸಿಟ್ಟು ಕೇಳಿದವರಿಲ್ಲ. ಡ್ರಮ್ಮು ಉಬ್ಬಿದ್ದರೆ ಮುಟ್ಟಬಾರದು, ಸೂಟು ಹರಿದಿದ್ದರೆ ಒಳಗೆ ಹೋಗಬಾರದು ಎಂದು ಬೇರೆಯವರಿಗೂ ಹೇಳಿಕೊಡುತ್ತಿದ್ದರು. ಹೋದ ಸೋಮವಾರ ಅಂಥದೇ ಒಂದು ಡ್ರಮ್ಮು ಲಾರಿಯಿಂದ ಇಳಿಯಿತು. ಹೊಟ್ಟೆ ಉಬ್ಬಿ, ಬೆಸುಗೆ ಬಿಟ್ಟು ಹೊಗೆ ಬರುತ್ತಿತ್ತು. ಭಾವ ಎಲ್ಲರನ್ನೂ ದೂರ ನಿಲ್ಲಿಸಿದರು. ಮ್ಯಾನೇಜರ್ ಬಂದು, “ಹಿಂದೆ ಇನ್ನೂ ಲಾರಿ ನಿಂತಿವೆ, ಇದೇನ್ರಿ ನಾಟಕ? ಎತ್ತಿ!” ಎಂದು ಕೂಗಿದ.

“ಸೂಟೆಲ್ಲ ಹರಿದಿದೆ ಸಾರ್. ಹೊಸದು ಬರೋ ತನಕ ಯಾರೂ ಹೋಗಲ್ಲ” ಎಂದರು ಭಾವ.

ಮ್ಯಾನೇಜರ್ ನನ್ನತ್ತ ತಿರುಗಿದ. ನಾನೂ “ಹೋಗೋ ಹಾಗಿಲ್ಲ” ಎಂದೆ. ಆ ಗಳಿಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ ಅಕ್ಕ! ಅವನು ವಾದ ಮಾಡಲಿಲ್ಲ. ನೆಟ್ಟಗೆ ಗೇಟಿಗೆ ಹೋಗಿ, ದಿನಗೂಲಿಗೆಂದು ನಿಂತಿದ್ದ ಅಣ್ಣತಮ್ಮಂದಿರಿಬ್ಬರನ್ನು ಕರೆತಂದ. ದಿನಗೂಲಿಯವರಿಗೆ ಅನುದಾನದಲ್ಲಿ ಪಾಠವಿಲ್ಲ. ಡ್ರಮ್ಮಿನೊಳಗೆ ಏನಿದೆಯೆಂದೇ ತಿಳಿಯದ ಅವರು ಮೂಗಿಗೆ ಬಟ್ಟೆ ಸುತ್ತಿಕೊಂಡು ನಡೆದೇ ಬಿಟ್ಟರು. ನಾನು ಕೂಗುವಷ್ಟರಲ್ಲಿ ಡ್ರಮ್ಮು ಒಡೆಯಿತು. ದೊಡ್ಡವನು ಅಲ್ಲೇ ಬಿದ್ದ. ಭಾವ ಓಡಿದರು. ಕಲಿತದ್ದೆಲ್ಲ ಮರೆತು ಓಡಿದರೋ, ನೆನಪಿದ್ದೂ ಓಡಿದರೋ, ನನಗೆ ಗೊತ್ತಿಲ್ಲ. “ಭಾವಾ, ಬೇಡ!” ಎಂದು ಅರಚಿದೆ. ಅವರು ನನಗೆ ಏನಾಗಬೇಕೆಂದು ಅಂಗಳಕ್ಕೆಲ್ಲ ತಿಳಿದದ್ದು ಆಗಲೇ. ಇಬ್ಬರನ್ನೂ ಎಳೆದು ತಂದರು. ದೊಡ್ಡವನಿಗೆ ಶ್ವಾಸಕೋಶ ಸುಟ್ಟಿದೆ, ಆದರೂ ಬದುಕಿದ್ದಾನೆ. ಚಿಕ್ಕವನಿಗೆ ಏನೂ ಆಗಿಲ್ಲ. ಭಾವನ ಎರಡೂ ಕೈಗೆ ಬ್ಯಾಂಡೇಜು ಕಟ್ಟಿದ್ದಾರೆ.

ಅನುದಾನ ಕೊಡುವ ಇಲಾಖೆಯವರು ವಿಚಾರಣೆಗೆ ಬಂದರು. ಅದಕ್ಕೆ ಮೊದಲು ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡ. ಆ ಇಬ್ಬರೂ ನನ್ನ ತರಗತಿಯವರೇ, ಕಲಿಸಿದ್ದನ್ನು ಪಾಲಿಸಲಿಲ್ಲ ಎಂದು ನಾನು ಹೇಳಬೇಕಂತೆ. “ನಿಮ್ಮ ಭಾವನ ಆಸ್ಪತ್ರೆ ಖರ್ಚು ನಾವೇ ನೋಡ್ತಿದ್ದೀವಲ್ವಾ ಮೇಡಂ?” ಎಂದ. ಬಾಗಿಲು ತೆರೆದೇ ಇತ್ತು, ಆದರೂ ಎದ್ದು ಬರಲಾಗಲಿಲ್ಲ. ಭಾವನನ್ನು ಕೇಳಿದರೆ, “ಹೂಂ ಅಂದ್ಬಿಡು ಪುಟ್ಟಿ. ಇದನ್ನ ಬಿಟ್ರೆ ಎಲ್ಲಿಗೆ ಹೋಗೋಣ?” ಎಂದರು. ಅತ್ತ ದರಿ, ಇತ್ತ ಪುಲಿ.

ವಿಚಾರಣೆಯಲ್ಲಿ ಚಿಕ್ಕವನನ್ನು ನನ್ನೆದುರೇ ಕೂರಿಸಿದ್ದರು. ಇವನು ನಿಮ್ಮ ತರಗತಿಯವನೇ ಎಂದು ಅಧಿಕಾರಿ ಕೇಳಿದರು. ನಾನು ಹೌದೆಂದರೆ ತಪ್ಪೆಲ್ಲ ತನ್ನ ತಲೆಗೇ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅಣ್ಣನನ್ನು ಉಳಿಸಿದವರ ಮನೆಯವಳೆಂದು ನನ್ನನ್ನು ನೋಡಿ ನಗುತ್ತಿದ್ದ. ಅಲ್ಲ ಎಂದೆ.

ನಿಜ ಹೇಳಿದರೆ ಎದೆ ಹಗುರಾಗುತ್ತದಂತೆ. ನನಗೇನೂ ಆಗಲಿಲ್ಲ. ತರಬೇತಿ ಇಲ್ಲದವರಿಂದ ಡ್ರಮ್ಮು ಎತ್ತಿಸಿ ಷರತ್ತು ಮುರಿದಿದ್ದಾರೆಂದು ಅನುದಾನ ನಿಲ್ಲಿಸಿದರು. ಬೀಗ ಬಿದ್ದದ್ದು ಪಾಠದ ಕೋಣೆಗೆ ಮಾತ್ರ. ಅಂಗಳಕ್ಕೆ ಮರುದಿನವೇ ಲಾರಿಗಳು ಬಂದವು. ನನ್ನ ಕೆಲಸ ಹೋಯಿತು. ಆಸ್ಪತ್ರೆಯ ಖರ್ಚಿನ ಮಾತೆತ್ತಿದರೆ ಮ್ಯಾನೇಜರ್ ‘ನೋಡೋಣ’ ಎನ್ನುತ್ತಾನೆ. ಡ್ರಮ್ಮು ತೊಳೆಯುವ ಹೆಂಗಸೊಬ್ಬಳು ಗೇಟಿನಲ್ಲಿ ಸಿಕ್ಕಿ, “ಮುಂಚೆ ಏನೂ ಗೊತ್ತಿಲ್ದೆ ಒಳಗೆ ಹೋಗ್ತಿದ್ವಿ ಮೇಡಂ. ಈಗ ಎಲ್ಲಾ ಗೊತ್ತಿದ್ದು ಹೋಗ್ತೀವಿ. ಅಷ್ಟೇ ವ್ಯತ್ಯಾಸ” ಎಂದಳು. ಬೈದಿದ್ದರೆ ವಾಸಿಯಿತ್ತು.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಮುಚ್ಚಿಟ್ಟಿದ್ದಕ್ಕೆ ಎರಡು ಏಟು ಹೊಡಿ ಬೇಕಾದರೆ. ಆದರೆ ಬೇಗ ಬಾ. ಅನ್ನ ಕಲಸಿ ಬಾಯಿಗಿಡಲು ಹೋದರೆ ಭಾವ ನನ್ನೆದುರು ನಾಚಿಕೊಳ್ಳುತ್ತಾರೆ. ನೀನಾದರೆ ಉಣ್ಣುತ್ತಾರೆ.

ನಿನ್ನ ದಾರಿ ಕಾಯುತ್ತಿರುವ
ಪುಟ್ಟಿ

ಮರೆತಿದ್ದೆ: ವಾರ್ಡಿಗೆ ಬಂದಾಗ ಸುಮ್ಮನೆ ಹೋಗಿ ಮಂಚದ ಹತ್ತಿರ ನಿಲ್ಲಬೇಡ ಅಕ್ಕ. ಬಾಗಿಲಿನಿಂದಲೇ ಏನಾದರೂ ಮಾತಾಡುತ್ತ ಬಾ. ದನಿ ಕೇಳಿದರೆ ನೀನೆಂದು ಅವರಿಗೆ ಗೊತ್ತಾಗುತ್ತದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಎಡಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳಿಲ್ಲ.