ಮೊಸರಿನ ಗೋತ್ರ

ಜೂನ್ 17, ಸೋಮವಾರ. ಅಹಮದಾಬಾದ್

ಶ್ರೀಪಾದನೆಂಬ ನಾನು, ಪೂರ್ಣ ಪ್ರಜ್ಞೆಯಿಂದ, ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ ಮನೆಯ ಮೊಸರು ಬಚ್ಚಿಟ್ಟ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ವಟ್ವಾ ಕಾರ್ಖಾನೆಗಳ ಮೋರಿ ನೀರಿನ ಸ್ಯಾಂಪಲ್ಲುಗಳ ಪಕ್ಕದಲ್ಲೇ. ಅವಿನ್ನೂ ದೂರು ಕೊಟ್ಟಿಲ್ಲ.

ಅವ್ವ ಹೋಗಿ ಹದಿನೈದು ದಿನ. ಸೂರತ್ತಿನಲ್ಲಿ, ಪದ್ಮಕ್ಕನ ಮನೆಯಲ್ಲಿ. ಸೂತಕವೆಂದು ಅಕ್ಕ ಮೊಸರೆಲ್ಲ ಚೆಲ್ಲಿದಳು. ಅವ್ವ ಧಾರವಾಡದಿಂದ ತಂದು ನಲವತ್ತು ವರ್ಷ ಕಾಪಾಡಿದ ಹೆಪ್ಪೂ ಅದರಲ್ಲೇ ಹೋಯಿತು. ಆಮೇಲೆ ಫೋನು.

"ನಿನ್ನ ಹತ್ರ ಅದ ಅಲ್ಲೋ? ಮಾಸಿಕಕ್ಕ ಅವ್ವನ ಮೊಸರ ಬೇಕು."

"ಹನ್ನೊಂದು ವರ್ಷ, ಒಂದು ದಿನಾ ತಪ್ಪಿಲ್ಲಕ್ಕ. ರಾಘವಂದು ನಂಬಬ್ಯಾಡ, ಪ್ಯಾಕೆಟ್ಟಿಂದು."

ರಾಘವ ತಮ್ಮ. ವಡೋದರಾದಲ್ಲಿ ಬ್ಯಾಂಕಿನವ.

ಅತ್ತಿಲ್ಲ. ನಾನೇ ಹೆಪ್ಪುಗಟ್ಟಿ ಕೂತಿದ್ದೇನೆ.

ಜೂನ್ 20

2013ರಲ್ಲಿ ಅವ್ವ ನಮ್ಮಿಬ್ಬರಿಗೂ ಹೆಪ್ಪು ಕೊಟ್ಟಾಗ ನಾನು ತೆಗೆದಿಟ್ಟ ಅವಳ ಮೊಸರಿನ ಬ್ಯಾಕ್ಟೀರಿಯಾ ಇನ್ನೂ ಡೀಪ್ ಫ್ರೀಜರಿನಲ್ಲಿದೆ. ಲ್ಯಾಬಿನದು, ತಿನ್ನುವಂತಿಲ್ಲ. ಯಾರದು ಅಸಲಿ ಎಂದು ಸಾಕ್ಷಿ ಹೇಳಬಹುದು.

ಅವ್ವನದು, ನನ್ನದು, ರಾಘವ ಬಸ್ಸಿನಲ್ಲಿ ಕಳಿಸಿದ್ದು, ಅಂಗಡಿಯದು. ಪ್ರತಿಯೊಂದಕ್ಕೂ ಸಕ್ಕರೆ ದ್ರವದ ಎರಡು ಕೆಂಪು ಟ್ಯೂಬು. ಒಂದು 30 ಡಿಗ್ರಿಗೆ, ಒಂದು 42ಕ್ಕೆ. ಹುಳಿಯಾದರೆ ಹಳದಿ. ಒಂದೇ ಮನೆತನದವು ಯಾವ ಸೆಖೆಗೆ ಸಕ್ಕರೆ ತಿನ್ನುವುದು ಬಿಡುತ್ತವೆಂಬುದರಲ್ಲೂ ಒಂದೇ.

ಜೂನ್ 22

ಅವ್ವನದು — 30ಕ್ಕೆ ಹಳದಿ, 42ಕ್ಕೆ ಕೆಂಪು.
ರಾಘವನದು — ಹಾಗೆಯೇ.
ಅಂಗಡಿಯದು — ಎರಡೂ ಹಳದಿ.
ನನ್ನದು — ಎರಡೂ ಹಳದಿ.

ಜೂನ್ 27

ಮತ್ತೆ ಮಾಡಿದೆ. ಅದೇ. ಊಟ ಮಾಡಿದೆ. ಅನ್ನ, ಸಾರು.

ಜುಲೈ 1. ರೈಲು

ವಡೋದರಾದಲ್ಲಿ ರಾಘವ ಹತ್ತಿದ. ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಟ್ಯೂಬಿನ ವಿಷಯ ಹೇಳಿದೆ. ನಗುತ್ತಾನೆಂದುಕೊಂಡಿದ್ದೆ.

"ನಂದ ನಿಂದು ಅಂತ ಕೊಡೋ ಅಣ್ಣಾ. ಅಕ್ಕಗ ಮೊಸರ ಬೇಕಾಗೇದ, ನಮ್ಮ ಜಗಳಲ್ಲ."

ಡಬ್ಬಿ ನನ್ನ ತೊಡೆಗೆ ಬಂತು. ತಣ್ಣಗಿತ್ತು.

ಜುಲೈ 2. ಸೂರತ್

ಅಕ್ಕ ಬೆರಳಲ್ಲಿ ನೆಕ್ಕಿದಳು. ಕಣ್ಣು ತುಂಬಿತು. "ಅವ್ವಂದ! ಶ್ರೀಪಾದ ಉಳಿಸ್ಯಾನ ನೋಡ್ರಿ." ತಲೆಯಾಡಿಸಿದೆ. ರಾಘವ ಎಲೆ ನೋಡುತ್ತಿದ್ದ.

ಇಲ್ಲಿಯಾದರೂ ಬರೆಯಬೇಕು. ನನ್ನದು 2019ರಲ್ಲೇ ಕೆಟ್ಟಿತ್ತು. ಪ್ಯಾಕೆಟ್ ಮೊಸರು ಒಂದು ಚಮಚ ಬೆರೆಸಿದೆ. ಹಳೆಯದೂ ಒಂದಿಷ್ಟು ಉಳಿದಿದ್ದೀತೆಂದೇ ಈ ಸಲ ಟ್ಯೂಬಿಗೆ ಹಾಕಿದ್ದು. ಪ್ಯಾಕೆಟ್ಟಿನದು ಬೆರೆಸಿದ ವಾರವೇ ಅವ್ವ ಬಂದಿದ್ದಳು. ಬಡಿಸಿದೆ. "ಛೊಲೋ ಕಾಪಾಡೀಯಪ್ಪಾ" ಅಂದಳು. ಎರಡು ಸಲ ಹಾಕಿಸಿಕೊಂಡಳು.

ಅವಳನ್ನು ರೈಲು ಹತ್ತಿಸಿ ಬಂದು ನೋಡಿದರೆ — ಕಸದ ಬುಟ್ಟಿಯ ತಳದಲ್ಲಿ ಅಡಗಿಸಿದ್ದ ಆ ಪ್ಯಾಕೆಟ್ಟು, ಅವ್ವ ತೊಳೆದು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟಿದ್ದಳು.