ಬೈರಣ್ಣನ ಅಮೆರಿಕನ್ ಸೈಕಲ್

28.10.2001, ಭಾನುವಾರ

ಎಂದಿನಂತೆ ಬನಶಂಕರಿ, ಯಲ್ಲಯ್ಯನ ಸೈಕಲ್ ಶಾಪ್. ಕಾಫಿ, ಹರಟೆ. ಯಾರು ಯಾವ ಹಳೇ ಸೈಕಲ್ ತಂದರೂ ಕಂಪನಿ, ಮಾಡೆಲ್ ಹೇಳುವುದು ನನ್ನ ಕೆಲಸ. ಇವತ್ತು ಕೋಣನಕುಂಟೆಯ ಬೈರಣ್ಣ ಬಂದ. ಹಿಂದೆ ಅಮೆರಿಕದ ಇಂಜಿನಿಯರೊಬ್ಬರ ತೋಟ ನೋಡಿಕೊಳ್ಳುತ್ತಿದ್ದನಂತೆ. ಅವರು ತಮ್ಮ ದೇಶಕ್ಕೆ ಹೊರಡುವಾಗ ಕೊಟ್ಟ ಸೈಕಲ್. "ಅಮೆರಿಕಾದ್ದೇ ಅಂತ ನೀವೊಂದ್ ಮಾತು ಹೇಳ್ಬಿಡಿ ಸಾರ್. ಮೂವತ್ತು ವರ್ಷದಿಂದ ಇವ್ರೆಲ್ಲ ನನ್ನ ಬುರುಡೆ ಬೈರಣ್ಣ ಅಂತಾರೆ."

ಪ್ರತಿ ಆಯುಧಪೂಜೆಗೂ ಪೇಂಟ್ ಬಳಿದಿದ್ದಾನೆ, ಒಂದರ ಮೇಲೊಂದು. ಮುಂದೆ ಬ್ಯಾಡ್ಜ್ ಇರಬೇಕಾದ ಕಡೆ ಮುನೇಶ್ವರನ ತಗಡು. ಬಾರ್ ಕೆಳಗೆ ಬಾಗಿದ ಜೋಡಿ ಪೈಪು, ಹಿಂದಿನ ಚಕ್ರದವರೆಗೂ. ಕಂಪನಿ ನಂಬರ್ ಸಾಮಾನ್ಯವಾಗಿ ಪೆಡಲ್ ಕೆಳಗಿರುತ್ತದೆ; ಹುಡುಕಿದೆ — ಇಲ್ಲ. ಹಿಂದಿನ ಆಕ್ಸಲ್ ಪಕ್ಕ ಪೇಂಟಿನಡಿ ಏನೋ ಅಕ್ಷರ. ವೆಲ್ಡರ್ ಗುರುತಿರಬೇಕು ಅಂದುಕೊಂಡೆ. "ಎಲ್ಲೋ ಇಲ್ಲೇ ಪೈಪ್ ಬಗ್ಗಿಸಿ ಮಾಡಿರೋದು" ಅಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ.

17.11, ಶನಿವಾರ

ಅವೆನ್ಯೂ ರೋಡ್ ಫುಟ್‌ಪಾತಿನಲ್ಲಿ ಅಮೆರಿಕನ್ ಸೈಕಲ್‌ಗಳ ಹಳೇ ಪುಸ್ತಕ ಸಿಕ್ಕಿತು. ಪುಟ ತಿರುವಿದರೆ... ಅದೇ ಜೋಡಿ ಪೈಪು! ಶ್ವಿನ್ ಕಂಪನಿಯದು; ಆ ಪೈಪಿನ ಚೌಕಟ್ಟಿಗೆ ಕ್ಯಾಂಟಿಲಿವರ್ ಫ್ರೇಮ್ ಅನ್ನುತ್ತಾರಂತೆ. ಅರವತ್ತರ ದಶಕದವಕ್ಕೆ ನಂಬರ್ ಪೆಡಲ್ ಕೆಳಗಿರುವುದಿಲ್ಲ. ಹಿಂದಿನ ಆಕ್ಸಲ್ ಪಕ್ಕ, ಎಡಗಡೆ. ಥೂ! ಕಣ್ಣಿಗೆ ಕಂಡದ್ದನ್ನೇ ಬಿಟ್ಟೆನಲ್ಲ. ಹೋಗಿ ಹೇಳಬೇಕು. ನಾಳೆಯೇ.

8.12, ಶನಿವಾರ

ಮೂರು ವಾರ ಏನೇನೋ ನೆವ. ಎಲ್ಲರೆದುರು ತಪ್ಪೊಪ್ಪಿಕೊಳ್ಳಲು ನಾಚಿಕೆ, ಇನ್ನೇನು. ಇವತ್ತು ಕೋಣನಕುಂಟೆಗೆ ಹೋದೆ. ಸೈಕಲ್ ಇಲ್ಲ. ಬೈರಣ್ಣನ ಹೆಂಡತಿ ಮಂಗಮ್ಮ ಬಾಗಿಲಲ್ಲೇ ಅಂದಳು: "ಹೋದ್ ತಿಂಗ್ಳೇ ಗುಜರಿಗೆ ಹಾಕ್ಬಿಟ್ರು ಸಾರ್. ನೀವೇ ಹೇಳಿದ್ರಂತಲ್ಲ."

ಗುಜರಿಯವನ ಹತ್ತಿರ ಓಡಿದೆ. ಕತ್ತರಿಸಿ ಲಾರಿಗೆ ತುಂಬಿ ಕಳಿಸಿಯಾಗಿದೆ. ಅನ್ಯಾಯ ಮಾಡಿಬಿಟ್ಟೆ.

9.12, ಭಾನುವಾರ

ಬೈರಣ್ಣನನ್ನು ಬಲವಂತ ಮಾಡಿ ಶಾಪಿಗೆ ಕರೆತಂದೆ. ಪುಸ್ತಕ ತೆರೆದು ಎಲ್ಲರಿಗೂ ಹೇಳಿದೆ — ಅದು ಅಮೆರಿಕದ್ದೇ, ತಪ್ಪು ನನ್ನದು. ಯಲ್ಲಯ್ಯ ನಕ್ಕ. "ಪಾಪ, ಮುದುಕನಿಗೆ ಸಮಾಧಾನ ಮಾಡ್ತಿದ್ದೀರ. ಒಳ್ಳೇದು ಬಿಡಿ ಅನಂತರಾಮು ಸಾರ್." ತೋರಿಸೋಣವೆಂದರೆ ಸೈಕಲ್ ಎಲ್ಲಿದೆ?

ಬೈರಣ್ಣ ಚಿತ್ರದ ಕಡೆ ನೋಡಲೂ ಇಲ್ಲ. ಹೊರಗೆ ಬಂದ ಮೇಲೆ ಅಂದ: "ಆ ಸಾಹೇಬ್ರೂ ಹಿಂಗೇ, ನನ್ನ ಸಂತೋಷಕ್ಕೆ ಅಮೆರಿಕಾದ್ದು ಅಂದಿರ್ಬೇಕು ಸಾರ್."

"ಇಲ್ಲ ಬೈರಣ್ಣ, ನಿಜವಾಗಿಯೂ ಅಮೆರಿಕಾದ್ದೇ" ಅಂದೆ. ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದ. ನಾನು ಹಿಂದೆಯೇ ಹೋಗಿ ಮತ್ತೆ ಮತ್ತೆ ಹೇಳಿದರೂ ನಂಬಲಿಲ್ಲ.