ಹಿಂಡಿಯ ಪಲ್ಯ ಬಡಿಸಿದವಳಿಗೆ

ಕೂಕಟ್‌ಪಲ್ಲಿ, ಹೈದರಾಬಾದ್
೩ ಆಗಸ್ಟ್ ೧೯೯೮

ಚಿ. ಶಿವದೇವಿಗೆ ಬಸಲಿಂಗಮ್ಮಜ್ಜಿಯ ಆಶೀರ್ವಾದ.

ಮೊದಲು ಬೈಯುತ್ತೇನೆ, ಉಳಿದದ್ದು ಆಮೇಲೆ. ಹೆಣ್ಣು ನೋಡಲು ಬಂದವರಿಗೆ ಏನು ಬಡಿಸುತ್ತಿದ್ದೀ ಎಂದು ಹೇಳದೆ ಬಡಿಸುವ ಬುದ್ಧಿ ನಿನಗೆ ಯಾರು ಕಲಿಸಿದರು? ಬದನೆಕಾಯಿ ಸಿಗಲಿಲ್ಲವೇ ನಿಮ್ಮ ಕಾಚಿಗುಡದಲ್ಲಿ?

ನಿನ್ನ ಪಲ್ಯ ಬಾಯಿಗಿಟ್ಟೊಡನೆ ಎಳೆ ಎಳೆಯಾಗಿ ಬಿಟ್ಟಿತು. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ಮಾಂಸದ ಖಂಡ ಹೇಗಿರುತ್ತದೆಂದು ಗೊತ್ತಿಲ್ಲದ್ದಕ್ಕೇ ಅದು ಖಂಡವೇ ಎಂದುಕೊಂಡೆ. ನೀನು ಹೆದರದೆ, “ಅಲ್ರೀ ಅಮ್ಮಾ, ಇದು ಮೀಲ್ ಮೇಕರ್. ಸೋಯಾ ಹಿಂಡೀದು” ಅಂದೆ. “ಹಿಂಡಿ ತಿನ್ನಾಕ ನಾವೇನು ಎಮ್ಮಿ ಏನ?” ಎಂದು ತಾಟು ಸರಿಸಿ ಎದ್ದೆ. ನಿನ್ನ ತಾಯಿ ಕೈ ಮುಗಿದರೂ ನಿಲ್ಲಲಿಲ್ಲ. ನನ್ನ ಮೊಮ್ಮಗ ವೈಜನಾಥ ಅಷ್ಟರಲ್ಲಿ ಎರಡನೇ ಸಲ ಹಾಕಿಸಿಕೊಂಡಿದ್ದ!

ಕಾಳು ದೊಡ್ಡದು, ಎಣ್ಣೆ ತೆಗೆದ ಹಿಂಡಿ ಕಸ ಎಂಬುದು ನನ್ನ ಲೆಕ್ಕ. ಅದನ್ನು ತೋರಿಸಲೆಂದೇ ಸೋಯಾ ಕಾಳು ತರಿಸಿ ಉಸುಳಿ ಮಾಡಿದೆ. ಅರೆಬೆಂದಿತ್ತು. ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ. ಜೀಡಿಮೆಟ್ಲಾದ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಮಲ್ಲಣ್ಣ ಬಿದ್ದು ಬಿದ್ದು ನಕ್ಕ. “ಅಮ್ಮಾರ, ಅದನ್ನ ಹಸೀದು ಹಾಕಿದ್ರ ಕೋಳೀಗೂ ಮೈ ಹತ್ತಂಗಿಲ್ಲ. ಬರ್ರಿ, ನಮ್ಮ ಮಿಲ್ ತೋರಸ್ತೀನಿ” ಎಂದ.

ಹೋಗಿ ನೋಡಿದೆ. ಕಾಳನ್ನು ಒಡೆದು, ಸಿಪ್ಪೆ ಹಾರಿಸಿ, ಅವಲಕ್ಕಿಯ ಹಾಗೆ ಚಪ್ಪಟೆ ಮಾಡುತ್ತಾರೆ. ನಮ್ಮೂರ ಗಾಣದಂತೆ ಹಿಸುಕುವುದಿಲ್ಲ. ಪೆಟ್ರೋಲಿನ ವಾಸನೆಯ ಏನೋ ಒಂದನ್ನು ಹಾಯಿಸಿ ಎಣ್ಣೆ ಬಿಡಿಸಿಕೊಳ್ಳುತ್ತಾರೆ. ಉಳಿದದ್ದನ್ನು ಹಬೆಯಲ್ಲಿ ಚೆನ್ನಾಗಿ ಕಾಯಿಸಿದಾಗ ಆ ವಾಸನೆಯೂ ಹೋಗುತ್ತದೆ, ನನ್ನ ಹೊಟ್ಟೆ ಕೆಡಿಸಿದ ಗುಣವೂ ಇಳಿಯುತ್ತದೆ. ಅದೇ ಹಿಂಡಿ. ಹೆಚ್ಚಿನದು ಕೋಳಿ, ದನಗಳ ಮೇವಿಗೆ. ಮನುಷ್ಯರು ತಿನ್ನುವುದನ್ನು ಬೇರೆಯಾಗಿ ಶುಚಿ ಮಾಡಿ, ಹಿಟ್ಟಾಗಿಸಿ, ಇನ್ನೊಂದು ಕಾರ್ಖಾನೆಯಲ್ಲಿ ನಿನ್ನ ಮೀಲ್ ಮೇಕರ್ ಮಾಡುತ್ತಾರಂತೆ. ಎಣ್ಣೆ ಹೋದರೂ ಕಸುವೆಲ್ಲ ಅದರಲ್ಲೇ ಉಳಿದಿರುತ್ತದೆಂದು ಮಲ್ಲಣ್ಣ ಹೇಳಿದ. ಬಿತ್ತುವುದಕ್ಕೆ, ಎಣ್ಣೆಗೆ ಕಾಳೇ ಬೇಕು, ಅದೂ ಸರಿ. ಆದರೆ ಹಿಂಡಿಯನ್ನು ಕಸ ಎಂದ ನನ್ನ ನಾಲಿಗೆ ತಪ್ಪಿತ್ತು.

ನಿನ್ನೆ ನಾನೇ ಮೀಲ್ ಮೇಕರನ್ನು ಬಿಸಿನೀರಲ್ಲಿ ನೆನೆಸಿ, ನೀರು ಹಿಂಡಿ ತೆಗೆದು, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದೆ. ವೈಜನಾಥ ಒಂದು ತುತ್ತು ತಿಂದು ಕೈ ತಡೆದ. “ಇದನ್ಯಾಕ ಮಾಡಿದೆಬೇ?” ಎಂದಷ್ಟೇ ಕೇಳಿ ಎದ್ದು ಹೋದ. ಎರಡು ತಿಂಗಳಿಂದ ಹಾಗೇ ಇದ್ದಾನೆ.

ನಿನ್ನ ತಾಯಿಗೆ ನನ್ನ ಶರಣು ಹೇಳು. ನೀನು ಈ ಮನೆಗೆ ಬರಬೇಕೆಂದು ನನ್ನ ಆಸೆ. ಬಂದರೆ ಅಡುಗೆಮನೆಯಲ್ಲಿ ನಿನಗೆ ಎದುರಾಡುವುದಿಲ್ಲ ಎಂದು ಮಾತ್ರ ಆಣೆ ಮಾಡಲಾರೆ.

ಇತಿ,
ಬಸಲಿಂಗಮ್ಮ

ತಾ.ಕ.: ನಾನು ತಾಟು ಸರಿಸಿ ಎದ್ದು ಬಂದ ದಿನ ಸಂಜೆ ನಿನ್ನ ತಂದೆ ಮಲ್ಲಣ್ಣನ ಮನೆಗೆ ಫೋನ್ ಮಾಡಿ, ಹುಡುಗ ನಿನ್ನ ಮನಸ್ಸಿಗೆ ಬಂದಿದ್ದಾನೆ ಎಂದಿದ್ದರು. ಅವರು ಕರೆದಾಗ ಹೋಗಿ ಮಾತಾಡಿದವಳು ನಾನು. ಆ ಸಿಟ್ಟಿನಲ್ಲೇ ಮನೆಗೆ ಬಂದು, ಹುಡುಗಿ ಒಲ್ಲೆ ಅಂದಳಂತೆ ಎಂದು ವೈಜನಾಥನಿಗೆ ಹೇಳಿದೆ. ಇವತ್ತಿಗೂ ಅವನು ಅದನ್ನೇ ನಂಬಿದ್ದಾನೆ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದು ನಿಜ ಹೇಳುತ್ತೇನೆ. ಅವನು ಏನೆಂದರೂ ಕೇಳಿಸಿಕೊಳ್ಳುತ್ತೇನೆ. ಹೂಂ ಅನ್ನು, ಒಲ್ಲೆ ಅನ್ನು, ಭಾದ್ರಪದ ಹುಟ್ಟುವುದರೊಳಗೆ ಉತ್ತರ ಬರಲೇಬೇಕು. ನನ್ನ ಹೆಸರಿಗೆ ಬೇಡ, ಅವನ ಹೆಸರಿಗೇ ಬರೆ.